ಪ್ಲಾಸ್ಮಾ ಲೇಪನ: ಪುಡಿ ಎಷ್ಟು ಸಣ್ಣದಿರಬೇಕು?

ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ 210 ಮೆಗಾವಾಟ್ ಘಟಕವೊಂದರಲ್ಲಿ ಬಾಯ್ಲರಿನ ಒಂದು ಕೊಳವೆ ತೂತಾಗಿ ಒಡೆದರೆ ಇಡೀ ಘಟಕವನ್ನೇ ನಿಲ್ಲಿಸಬೇಕಾಗುತ್ತದೆ. ಅದರ ಬಿಸಿ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯ ತೆಂಗಿನ ತೋಟದ ಪಂಪ್‌ಸೆಟ್ಟಿಗೂ ತಟ್ಟೀತು. ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು. ಬಿಸಿ ಅನಿಲದೊಡನೆ ನುಗ್ಗುವ ಬೂದಿ ಉಕ್ಕನ್ನು ಉಪ್ಪುಕಾಗದದಂತೆ ಸವೆಸುತ್ತದೆ. ಕೊಳವೆಗೆ ನಿಕಲ್-ಕ್ರೋಮಿಯಂ ಮಿಶ್ರಲೋಹದ ಕವಚ ತೊಡಿಸುವುದು ಒಂದು ಉಪಾಯ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಇಂಥ ಲೇಪನಗಳ ಮೇಲೆ ಸಂಶೋಧನೆ ನಡೆದಿದೆ. ಕವಚ ತೊಡಿಸುವ ವಿಧಾನಗಳಲ್ಲೊಂದು ಪ್ಲಾಸ್ಮಾ ಸಿಂಪರಣೆ.

ಟಂಗ್‌ಸ್ಟನ್ ಕ್ಯಾಥೋಡ್ ಮತ್ತು ತಾಮ್ರದ ಆನೋಡ್‌ಗಳ ನಡುವಿನ ವಿದ್ಯುತ್ ಚಾಪದ ಮೂಲಕ ಆರ್ಗಾನ್, ಜೊತೆಗೆ ತುಸು ಹೈಡ್ರೋಜನ್ ಹಾಯಿಸಿದಾಗ ಹೊರಚಿಮ್ಮುವ ಜ್ವಾಲೆಯ ನಡುಭಾಗದ ಉಷ್ಣತೆ 10,000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಪಕ್ಕದಿಂದ ಲೋಹದ ಪುಡಿಯನ್ನು ಊದುತ್ತಾರೆ. ಕರಗಿದ ಕಣಗಳು ಸುಮಾರು 10 ಸೆಂಟಿಮೀಟರ್ ಹಾರಿ, ಗೋಡೆಗೆ ತಟ್ಟಿದ ಬೆರಣಿಯಂತೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ. ಇಷ್ಟು ಬಿಸಿಯಲ್ಲಿ ಯಾವ ಪುಡಿಯಾದರೇನು ಎನ್ನುತ್ತೀರಾ? ಕಣ ಜ್ವಾಲೆಯಲ್ಲಿ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ!

20 ಮತ್ತು 60 ಮೈಕ್ರಾನ್ ವ್ಯಾಸದ ಎರಡು ಕಣಗಳನ್ನು ತೆಗೆದುಕೊಳ್ಳಿ. ದೊಡ್ಡದರ ದ್ರವ್ಯರಾಶಿ 27 ಪಟ್ಟು, ಮೇಲ್ಮೈ 9 ಪಟ್ಟು. ಹಾಗಾದರೆ ಕಾಯಲು 3 ಪಟ್ಟು ಕಾಲ ಸಾಕೆ? ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಪುಟ್ಟ ಗೋಲಕ್ಕೆ ಅನಿಲದಿಂದ ಸಿಗುವ ಶಾಖ, ಮೇಲ್ಮೈಯ ಪ್ರತಿ ಏಕಮಾನಕ್ಕೆ ಲೆಕ್ಕ ಹಾಕಿದರೆ, ವ್ಯಾಸಕ್ಕೆ ವಿಲೋಮವಾಗಿರುತ್ತದೆ. ಆದ್ದರಿಂದ ಬೇಕಾಗುವ ಕಾಲ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿದೆ, ಅಂದರೆ 9 ಪಟ್ಟು. ದೊಡ್ಡ ಕಣ ನಿಧಾನವಾಗಿ ಸಾಗುವುದರಿಂದ ಅದಕ್ಕೆ ಹೆಚ್ಚು ಹೊತ್ತು ಸಿಗುವುದೇನೋ ನಿಜ. ಆದರೆ 9 ಪಟ್ಟು ಸಿಗದು. ಅರೆಬೆಂದ ಕಣ ಲೇಪನದಲ್ಲಿ ಗಂಟಾಗಿ ಕೂರುತ್ತದೆ, ಸುತ್ತ ರಂಧ್ರಗಳು ಉಳಿಯುತ್ತವೆ. ರಂಧ್ರಗಳು ಒಂದಕ್ಕೊಂದು ಕೂಡಿದರೆ ಬಿಸಿ ಅನಿಲಕ್ಕೆ ಉಕ್ಕಿನವರೆಗೂ ದಾರಿಯಾಯಿತು.

ಹಾಗೆಂದು ಪುಡಿಯನ್ನು ನುಣ್ಣಗೆ ಅರೆಯುವಂತಿಲ್ಲ. ರಾಗಿ ತೂರುವುದನ್ನು ನೆನೆಯಿರಿ (ಕಣ ಎಂದರೆ ಒಕ್ಕಣೆಯ ಜಾಗವೂ ಹೌದಷ್ಟೆ). ಕಾಳು ಹೆಚ್ಚುಕಡಿಮೆ ನೇರವಾಗಿ ಬೀಳುತ್ತದೆ, ಹೊಟ್ಟು ಗಾಳಿಗೆ ಸಿಕ್ಕಿ ಆಚೆ ಹೋಗುತ್ತದೆ. ಅತಿಸಣ್ಣ ಕಣಕ್ಕೆ ಜ್ವಾಲೆಯನ್ನು ಭೇದಿಸುವಷ್ಟು ಸಂವೇಗವಿಲ್ಲ. ಅದು ಅಂಚಿನಲ್ಲೇ ಕೊಚ್ಚಿಹೋಗುತ್ತದೆ. ಊದುವ ಅನಿಲವನ್ನು ಹೆಚ್ಚಿಸಿದರೆ ಜ್ವಾಲೆಯೇ ಕದಡುತ್ತದೆ. ಒಳಹೊಕ್ಕವು ಭಾಗಶಃ ಆವಿಯಾಗುತ್ತವೆ. ಅಷ್ಟೇ ತೂಕದ ಪುಡಿಯಲ್ಲಿ 20 ಮೈಕ್ರಾನ್ ಕಣಗಳ ಒಟ್ಟು ಮೇಲ್ಮೈ 60 ಮೈಕ್ರಾನ್ ಕಣಗಳದ್ದಕ್ಕಿಂತ 3 ಪಟ್ಟು. ಬಯಲು ಗಾಳಿಯಲ್ಲಿ ಸಿಂಪಡಿಸಿದರೆ ಆಕ್ಸೈಡೂ ಅಷ್ಟು ಹೆಚ್ಚು. ಜೊತೆಗೆ, ರವೆಯಂತೆ ಸುರಿಯದೆ ಮೈದಾದಂತೆ ಮುದ್ದೆಗಟ್ಟಿ ಕೊಳವೆಯಲ್ಲಿ ಸಿಕ್ಕಿಕೊಳ್ಳುವ ಕಾಟ ಬೇರೆ.

ಆದುದರಿಂದ ಪುಡಿಯನ್ನು ಜರಡಿ ಹಿಡಿದು 15–45 ಅಥವಾ 45–106 ಮೈಕ್ರಾನ್‌ನಂಥ ಪಟ್ಟಿಗಳಲ್ಲಿ ಮಾರುತ್ತಾರೆ. ಸರಾಸರಿ ಗಾತ್ರವೊಂದನ್ನೇ ಕೇಳಿದರೆ ಸಾಲದು: 10 ಮತ್ತು 90 ಮೈಕ್ರಾನ್ ಕಣಗಳ ಬೆರಕೆಯ ಸರಾಸರಿಯೂ 50 ಆಗಬಹುದು, ಆದರೆ ಎರಡೂ ಬಗೆಯ ತೊಂದರೆ ಅದರಲ್ಲಿರುತ್ತದೆ. ಸಣ್ಣ ಪಟ್ಟಿಯ ಪುಡಿಯಿಂದ ನಯವಾದ, ದಟ್ಟವಾದ ಲೇಪನ ಸಿಗುತ್ತದೆ. ದಪ್ಪ ಪುಡಿಯದು ಒರಟು. ಒರಟೇ ಬೇಕಾಗುವ ಕಡೆಯೂ ಉಂಟು. ಜೆಟ್ ಎಂಜಿನ್ನಿನ ಬಿಸಿ ಭಾಗಗಳ ಮೇಲೆ ಜಿರ್ಕೋನಿಯಾ ಪಿಂಗಾಣಿ ಸಿಂಪಡಿಸುವ ಮೊದಲು ಹಾಕುವ ಲೋಹದ ಪದರಕ್ಕೆ ದಪ್ಪ ಪುಡಿಯನ್ನೇ ಆರಿಸುವುದುಂಟು, ಏಕೆಂದರೆ ಪಿಂಗಾಣಿ ಕಚ್ಚಿ ನಿಲ್ಲುವುದು ಆ ಉಬ್ಬುತಗ್ಗುಗಳಲ್ಲಿ.