ಬಂಡೀಪುರದ ದಾರಿ

ನಾವು ಈ ಸೀಮೆಗೆ ಹೊಸದಾಗಿ ಬಂದಾಗ ಚಾಮರಾಜನಗರದಿಂದ ಗುಂಡ್ಲುಪೇಟೆಯ ಕಡೆಗೆ ಮೋಟಾರು ನಡೆಸಿಕೊಂಡು ಹೋಗುವುದು ನಿತ್ಯದ ಕಾರ್ಯವಾಯಿತು. ಎಡಬಲಗಳಲ್ಲಿ ಚೆಂಡುಹೂವು, ಸೂರ್ಯಕಾಂತಿಗಳ ಹೊಲಗಳು. ಆಚೆಗೆ 1454 ಮೀಟರು ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಎದುರಿಗೆ ಬರುವ ಲಾರಿಗಳ ಮೇಲಿನ ಕರಿಕಲ್ಲು, ಪೂರ್ವಕಾಲದಲ್ಲಿ ಭೂಗರ್ಭದಿಂದ ಮೇಲೆದ್ದ ಶಿಲಾರಸವು ಬಿರುಕುಗಳಲ್ಲಿ ಆರಿ ಗಟ್ಟಿಯಾದುದೆಂದು ತಿಳಿದು ಆಶ್ಚರ್ಯಪಟ್ಟೆವು.

ಗುಂಡ್ಲುಪೇಟೆಯ ಆಚೆ ದಾರಿಯು ಕವಲೊಡೆದು ಒಂದು ಊಟಿಗೂ ಮತ್ತೊಂದು ವಯನಾಡಿಗೂ ಹೋಗುವುದು. ಎರಡೂ ಬಂಡೀಪುರದ ಅರಣ್ಯವನ್ನು ಹಾಯುತ್ತವೆ. ರಾತ್ರಿಯ ವಾಹನಗಳಿಗೆ ಸಿಕ್ಕಿ ಕಾಡುಮೃಗಗಳು ಸಾಯುತ್ತಿದ್ದುದರಿಂದ, 2009ರಲ್ಲಿ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ಸಂಚಾರವನ್ನು ನಿಷೇಧಿಸಲಾಯಿತು. ರೋಗಿಗಳ ಆಂಬ್ಯುಲೆನ್ಸುಗಳಿಗೆ ತಡೆಯಿಲ್ಲ.

ಒಮ್ಮೆ ವಯನಾಡಿನಿಂದ ಮಗಳನ್ನು ನೋಡಲು ಹೊರಟ ತಾಯಿಯೊಬ್ಬರು ತಡವಾಗಿ ಬಂದು, ಕಾಡಿನಾಚೆಯ ಗೇಟಿನಲ್ಲಿಯೇ ಬೆಳಗಾಗುವವರೆಗೆ ಕಾದರು. ಇತ್ತ ಬಾಲಕಿಯು ನಿದ್ರಿಸಲಿಲ್ಲ. ನಾವೂ ಮನಸ್ಸಿನಲ್ಲಿ ಆ ನಿಯಮವನ್ನು ನಿಂದಿಸಿದೆವು. ಕೆಲವು ದಿನಗಳ ಮೇಲೆ ಅದೇ ದಾರಿಯಲ್ಲಿ, ಮುಸ್ಸಂಜೆಯ ಹೊತ್ತು, ಹೆಣ್ಣಾನೆಯೊಂದು ಮರಿಯನ್ನು ಮುಂದಿಟ್ಟುಕೊಂಡು ರಸ್ತೆ ದಾಟುವುದನ್ನು ಕಂಡು ದೂರದಲ್ಲಿಯೇ ಮೋಟಾರು ನಿಲ್ಲಿಸಿದೆವು. ಅದೂ ತಾಯಿಯೇ ಅಲ್ಲವೆ? ನಮ್ಮ ನಿಂದೆಯು ಅಲ್ಲಿಗೆ ಅಡಗಿತು.

ಆದಕಾರಣ, ಪ್ರಿಯ ತಂದೆತಾಯಿಗಳೇ, ಮಕ್ಕಳನ್ನು ಕರೆದೊಯ್ಯಲು ಬರುವಾಗ ಹೊತ್ತಿಗೆ ಮುಂಚೆ ಹೊರಡಿರಿ. ರಾತ್ರಿಯ ದಾರಿಯು ಕಾಡಿನವರದು.