ಅಲೆಸ್ಟರ್ ಸಿಮ್ ಸಿನಿಮಾಗಳು: ಎಲ್ಲಿಂದ ಶುರು ಮಾಡೋದು?

ಹೀರೋ ಹೆಸರು ಎಲ್ಲರಿಗೂ ನೆನಪಿರುತ್ತೆ. ಆದರೆ ಪಕ್ಕದಲ್ಲಿ ನಿಂತು ಇಡೀ ಸೀನನ್ನೇ ಕದ್ದುಬಿಡುವ ಪೋಷಕ ನಟನ ಹೆಸರು? ಅದನ್ನು ನಾವು ಗೂಗಲ್ ಮಾಡಬೇಕು. ಹಾಗೆ ಹುಡುಕಿದಾಗ ನಮಗೆ ಸಿಕ್ಕವರು ಅಲೆಸ್ಟರ್ ಸಿಮ್.

ಸಿಮ್ ಹುಟ್ಟಿದ್ದು 1900ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಮೊದಲು ಕಾಲೇಜಿನಲ್ಲಿ ಉಚ್ಚಾರಣೆ ಕಲಿಸುವ ಮೇಷ್ಟ್ರಾಗಿದ್ದರು. ವೃತ್ತಿಪರ ರಂಗಭೂಮಿಗೆ ಬಂದಾಗ ಮೂವತ್ತು ವರ್ಷ ಹತ್ತಿರವಾಗಿತ್ತು. ಬೋಳುತಲೆ, ದೊಡ್ಡ ಕಣ್ಣು, ಅಳೋದಾ ನಗೋದಾ ಅಂತ ಇನ್ನೂ ತೀರ್ಮಾನ ಮಾಡದ ಮುಖ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವೂ ಸಬ್‌ಟೈಟಲ್ ಹಾಕಿಕೊಂಡೇ ನೋಡಿದ್ದು, ಒಪ್ಕೋತೀವಿ. ಆದರೆ ಆ ಮುಖಕ್ಕೆ ಸಬ್‌ಟೈಟಲ್ ಬೇಕಾಗಲಿಲ್ಲ.

ಮೊದಲು 'ಗ್ರೀನ್ ಫಾರ್ ಡೇಂಜರ್' (1946) ನೋಡಿ. ಎರಡನೇ ಮಹಾಯುದ್ಧದ ಕಾಲ, ಹಾರುವ ಬಾಂಬ್‌ಗಳು ಬೀಳ್ತಿರೋ ಊರು. ಗಾಯಗೊಂಡ ಪೋಸ್ಟ್‌ಮ್ಯಾನ್ ಒಬ್ಬ ಅರಿವಳಿಕೆ ಕೊಟ್ಟ ಮೇಲೆ ಆಪರೇಷನ್ ಟೇಬಲ್ ಮೇಲೇ ಸಾಯ್ತಾನೆ. ಹೇಗೆ ಅಂತ ಹೇಳಲ್ಲ, ಆದರೆ ಗ್ಯಾಸ್ ಸಿಲಿಂಡರ್‌ಗಳ ಬಣ್ಣ ಗಮನಿಸಿ. ಲ್ಯಾಬ್‌ನಲ್ಲಿ ಕಲರ್ ಕೋಡ್ ಯಾಕೆ ಅಂತ ಗೊಣಗೋರು ಇದನ್ನು ನೋಡಲೇಬೇಕು. ತನಿಖೆಗೆ ಬರುವ ಇನ್‌ಸ್ಪೆಕ್ಟರ್ ಕಾಕ್ರಿಲ್ ಪಾತ್ರ ಸಿಮ್ ಅವರದು. ತನ್ನಷ್ಟು ಬುದ್ಧಿವಂತ ಇಲ್ಲ ಅಂದ್ಕೊಂಡಿರೋ ಆಸಾಮಿ. ಪತ್ತೇದಾರಿ ಕಾದಂಬರಿ ಓದುತ್ತಾ, ಕೊಲೆಗಾರ ಯಾರೆಂದು ಗೊತ್ತಾಯ್ತು ಅಂತ ಕೊನೆಯ ಪುಟ ತಿರುಗಿಸಿ ನೋಡಿ ಪೆಚ್ಚಾಗ್ತಾನೆ. ಅಲ್ಲಿ ನಾವು ನಗ್ತೀವಿ. ಕೊನೆಯಲ್ಲಿ ಅದೇ ಅತಿವಿಶ್ವಾಸಕ್ಕೆ ಒಂದು ಜೀವ ಹೋಗುತ್ತೆ. ಆಗ ಆ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತೆ.

ನಗುವುದಕ್ಕೇ ಬೇಕಾದರೆ 'ದ ಹ್ಯಾಪಿಯೆಸ್ಟ್ ಡೇಸ್ ಆಫ್ ಯುವರ್ ಲೈಫ್' (1950). ಸರ್ಕಾರಿ ಇಲಾಖೆಯ ತಪ್ಪಿನಿಂದ ಗಂಡುಮಕ್ಕಳ ಶಾಲೆಗೆ ಇಡೀ ಹುಡುಗಿಯರ ಶಾಲೆಯೇ ಬಂದಿಳಿಯುತ್ತೆ. ಹೆಡ್‌ಮಾಸ್ಟರ್ ಸಿಮ್, ಎದುರಿಗೆ ಹೆಡ್‌ಮಿಸ್ಟ್ರೆಸ್ ಆಗಿ ಮಾರ್ಗರೆಟ್ ರುದರ್‌ಫೋರ್ಡ್. 'ದ ಬೆಲ್ಸ್ ಆಫ್ ಸೇಂಟ್ ಟ್ರಿನಿಯನ್ಸ್' (1954) ನಲ್ಲಿ ಸಿಮ್ ಅವರೇ ಹೆಡ್‌ಮಿಸ್ಟ್ರೆಸ್, ಅವಳ ಮೋಸಗಾರ ಸಹೋದರನೂ ಅವರೇ!

ಆದರೆ ನಮಗೆ ಮನಸ್ಸಲ್ಲಿ ಉಳಿದದ್ದು 'ಸ್ಕ್ರೂಜ್' (1951). ಡಿಕನ್ಸ್ ಕಥೆಯ ಜಿಪುಣ ಮುದುಕ ಒಂದೇ ರಾತ್ರಿಯಲ್ಲಿ ಬದಲಾಗ್ತಾನೆ. ಬೆಳಗ್ಗೆ ಖುಷಿಯಲ್ಲಿ ಕುಣಿಯೋದನ್ನ ಕಂಡು ಮನೆಗೆಲಸದಾಕೆ ಕಿರುಚಿಕೊಂಡು ಓಡ್ತಾಳೆ. ಅದಕ್ಕಿಂತ ದೊಡ್ಡ ಸೀನ್ ಆಮೇಲಿದೆ. ತಾನೇ ದೂರ ಮಾಡಿದ್ದ ಸಂಬಂಧಿಯ ಮನೆಗೆ ಹೋಗಿ, ಒಳಗೆ ಕಾಲಿಡೋಕೆ ಧೈರ್ಯ ಸಾಲದೆ ಬಾಗಿಲ ಹತ್ತಿರ ನಿಂತುಬಿಡ್ತಾನೆ. ಅಲ್ಲಿನ ಕೆಲಸದ ಹುಡುಗಿ ಮಾತಿಲ್ಲದೆ ತಲೆಯಾಡಿಸಿ ಹುರಿದುಂಬಿಸ್ತಾಳೆ, ಅಷ್ಟೇ.

ಜಗಳ ಆಡಿ, ಸಾರಿ ಹೇಳೋಕೆ ಅಂತ ಪಕ್ಕದ ರೂಮಿನ ಬಾಗಿಲವರೆಗೂ ಹೋಗಿ ತಟ್ಟದೇ ವಾಪಸ್ ಬಂದವರು ನಮ್ಮಲ್ಲೂ ಇದ್ದಾರೆ. ಆ ಸೀನ್ ಮುಗಿದಾಗ ನಮ್ಮ ರೂಮಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇಂಟರ್ನಲ್ಸ್ ಮುಗಿದ ಮೇಲೆ ನೀವೂ ನೋಡಿ. ಸಾಧ್ಯವಾದರೆ ಒಬ್ಬರೇ ಬೇಡ, ಪಕ್ಕದ ರೂಮಿನವರನ್ನೂ ಕರೀರಿ.