ಫ್ಲೆಮಿಂಗಿನ ಮರದ ಎಲಿವೇಟರು

ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತ್ಯದ ಪೂರ್ವದ ಅಂಚಿನಲ್ಲಿ, ಕೆನಡಿಯನ್ ಪೆಸಿಫಿಕ್ ರೈಲುದಾರಿಯ ಮಗ್ಗುಲಿನ ಫ್ಲೆಮಿಂಗ್ ಎಂಬ ಸಣ್ಣ ಊರಿನಲ್ಲಿ, ಆ ಪ್ರಾಂತ್ಯವು ಜನ್ಮ ತಾಳುವುದಕ್ಕೂ ಹತ್ತು ವರ್ಷ ಮೊದಲೇ, ಎಂದರೆ 1895ರಲ್ಲಿ, ಲೇಕ್ ಆಫ್ ದಿ ವುಡ್ಸ್ ಎಂಬ ಹಿಟ್ಟಿನ ಗಿರಣಿಯ ಸಂಸ್ಥೆಯವರು ಗೋಧಿಯ ಸಂಗ್ರಹಕ್ಕಾಗಿ ಮರದ ಎಲಿವೇಟರೊಂದನ್ನು ಕಟ್ಟಿಸಿದರು.

ರೈತನು ತನ್ನ ಕುದುರೆಗಾಡಿಯನ್ನು ಕಟ್ಟಡದೊಳಕ್ಕೆ ನಡೆಸಿ, ಹೇರಿನ ಸಮೇತ ತೂಗಿಸಿ, ಕಾಳನ್ನು ನೆಲದಡಿಯ ಗುಂಡಿಗೆ ಸುರಿದು, ಬರಿಯ ಗಾಡಿಯನ್ನು ಮತ್ತೊಮ್ಮೆ ತೂಗಿಸುತ್ತಿದ್ದನು. ಬಟ್ಟಲುಗಳನ್ನು ಕೂಡಿಸಿದ, ಸದಾ ಸುತ್ತುವ ಪಟ್ಟಿಯೊಂದು ಆ ಕಾಳನ್ನು ಶಿಖರಕ್ಕೊಯ್ದು ಕೊಳವೆಯ ಮೂಲಕ ಬೇಕಾದ ಕೋಣೆಗೆ ಇಳಿಸುತ್ತಿತ್ತು. ಅಲ್ಲಿಂದ ರೈಲಿನ ಡಬ್ಬಿಗೆ ಅದು ತನ್ನ ಭಾರದಿಂದಲೇ ಧುಮುಕುತ್ತಿತ್ತು. ತುಂಬಿದ ಧಾನ್ಯವು ಗೋಡೆಗಳನ್ನು ಹೊರಕ್ಕೆ ಒತ್ತುವ ಬಲ ಸಾಮಾನ್ಯವಲ್ಲವಾದ್ದರಿಂದ, ಇಂಥ ಕಟ್ಟಡಗಳಲ್ಲಿ ದಪ್ಪ ಹಲಗೆಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಮಲಗಿಸಿ ಮೊಳೆ ಜಡಿಯುವುದು ವಾಡಿಕೆಯಾಗಿದ್ದಿತು. ಕಾಳಿನ ಧೂಳು ಕಿಡಿ ಸೋಕಿದರೆ ಸ್ಫೋಟಿಸುವುದರಿಂದ ಯಂತ್ರವನ್ನು ದೂರದ ಕೋಣೆಯಲ್ಲಿ ಇರಿಸುತ್ತಿದ್ದರು.

ಧೂಳಿಗಿಂತಲೂ ಬೇಗ ಹೊತ್ತಿಕೊಳ್ಳುತ್ತಿದ್ದುದು ರೈತನ ಸಿಟ್ಟು. ತೂಕ, ದರ್ಜೆ, ಕಸಕ್ಕೆಂದು ಕಳೆಯುವ ಪಾಲು, ಇವೆಲ್ಲವೂ ಕಂಪನಿಯ ಆಳು ಹೇಳಿದಂತೆಯೇ. ಆ ಸಿಟ್ಟು ನ್ಯಾಯವಾದುದೇ ಎಂದು ನನ್ನ ಅಭಿಪ್ರಾಯ. 1901ರಲ್ಲಿ ಅದೇ ರೈಲುದಾರಿಯ ಇಂಡಿಯನ್ ಹೆಡ್ ಎಂಬಲ್ಲಿ ಸಂಘ ಕಟ್ಟಿದ ರೈತರು, ಮರುವರ್ಷ ರೈಲಿನ ಡಬ್ಬಿಗಳ ಹಂಚಿಕೆಯಲ್ಲಿ ಎಲಿವೇಟರಿನವರ ಪರವಾಗಿ ಪಕ್ಷಪಾತ ಮಾಡಿದ ರೈಲ್ವೆಯ ಏಜೆಂಟನ ಮೇಲೆ ದಾವೆ ಹೂಡಿ ಗೆದ್ದರು. 1923-24ರಲ್ಲಿ ಗೋಧಿ ಬೆಳೆಯುವ ಪಶ್ಚಿಮದ ಮೂರು ಪ್ರಾಂತ್ಯಗಳಲ್ಲೂ ಅವರ ಸಹಕಾರಿ ಸಂಸ್ಥೆಗಳು ತಲೆಯೆತ್ತಿ, ಕ್ರಮೇಣ ತಮ್ಮವೇ ಎಲಿವೇಟರುಗಳನ್ನು ನಿರ್ಮಿಸಿಕೊಂಡುವು.

ಕುದುರೆಗಾಡಿಯು ಒಂದು ಹಗಲಿನಲ್ಲಿ ಹೋಗಿಬರಬಹುದಾದ ದೂರವನ್ನು ಲೆಕ್ಕವಿಟ್ಟು, ಏಳೆಂಟು ಮೈಲಿಗೊಂದರಂತೆ ಎಬ್ಬಿಸಿದ ಈ ಕಟ್ಟಡಗಳು 1930ರ ದಶಕದಲ್ಲಿ 5,700ಕ್ಕೂ ಮಿಗಿಲಾಗಿದ್ದುವು. ಲಾರಿ ಬಂದೊಡನೆ ಆ ಲೆಕ್ಕವೇ ತಪ್ಪಿತು. ಕವಲು ಹಳಿಗಳನ್ನು ಕಿತ್ತರು; ದೂರದೂರಕ್ಕೆ ಕಾಂಕ್ರೀಟಿನ ಬೃಹತ್ ಕಣಜಗಳೆದ್ದುವು; 1995ರಲ್ಲಿ ಧಾನ್ಯದ ರೈಲುಬಾಡಿಗೆಗೆ ಸರಕಾರ ಕೊಡುತ್ತಿದ್ದ ಸಹಾಯಧನವೂ ನಿಂತಿತು.

ಫ್ಲೆಮಿಂಗಿನದು ಇದೆಲ್ಲವನ್ನೂ ದಾಟಿ, ಹುಟ್ಟಿದೆಡೆಯಲ್ಲಿಯೇ ನಿಂತಿರುವ ದೇಶದ ಅತ್ಯಂತ ಹಳೆಯ ಎಲಿವೇಟರೆಂಬ ಕೀರ್ತಿ ಪಡೆದು, ಜೀರ್ಣೋದ್ಧಾರ ನಡೆಯುತ್ತಿರುವಾಗಲೇ, 2010ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ಇಂಥವು ಸಾಲಾಗಿ ನಿಂತುದನ್ನು ನೋಡಬಯಸುವವರು ಈಗ ಮ್ಯಾನಿಟೋಬದ ಇಂಗ್ಲಿಸ್‌ಗೆ ಹೋಗಬೇಕು. ಅಲ್ಲಿಯ ಐದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಕಾಪಾಡಲಾಗಿದೆ.